ಬಿಸಿಯದು ಬುಟ್ಟಿಗೆ

ಕ್ರಿ.ಶ. ೨೧೮೭, ಫೆಬ್ರವರಿ ೩೦
ಬೆಳಗಿನ ಒಲೆ ಆರಿದ ಮೇಲೆ, ಗದಗ ಸೀಮೆಯಿಂದ

ನಮ್ಮ ಮನೆತನದ ಹಿರಿಯ ತಾಯಿಗೆ, ನಿಮ್ಮ ಹೆಸರನ್ನೂ ತಿಳಿಯದ ದಾಕ್ಷಾಯಣಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜವೇ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮನೆಮನೆಗೆ ಪಡಿ ಹಂಚಲು ಅದೇ ಅನುಕೂಲ. ವರ್ಷದ ಕೊನೆಗೆ ಮಿಕ್ಕುವ ದಿನಗಳನ್ನು ಉಳಿಕೆದಿನ ಎನ್ನುತ್ತೇವೆ. ಆ ದಿನಗಳಿಗೆ ಪಡಿ ಇಲ್ಲ, ವರ್ಷವಿಡೀ ಉಳಿಸಿದ್ದರಲ್ಲಿ ಉಣ್ಣಬೇಕು. ಉಳಿಸದವರ ಮನೆಯಲ್ಲಿ ಆಗ ಒಲೆ ಉರಿಯುವುದಿಲ್ಲ, ಅಕ್ಕಪಕ್ಕದವರ ನಾಲಿಗೆ ಮಾತ್ರ ಉರಿಯುತ್ತದೆ. ನನ್ನ ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಪತ್ರ ನಿಮ್ಮ ಕಾಲಕ್ಕೆ ಹೇಗೆ ಬರುತ್ತದೆ ಎಂಬುದನ್ನು ಅಂಚೆಯವರು ಬಲ್ಲರು. ನಾನು ರೊಟ್ಟಿ ಬಡಿಯುವವಳು.

ನಿಮ್ಮನ್ನು ಬೈಯುತ್ತಾ ಬೆಳೆದವರು ನಾವು, ಅದನ್ನು ಮುಚ್ಚಿಡುವುದಿಲ್ಲ. ಮಗು ಒಂದು ಕಾಳು ಚೆಲ್ಲಿದರೆ 'ಹಿಂದಿನವರ ಬುದ್ಧಿ ಬಂತು ನೋಡು' ಎಂದು ಗದರುತ್ತೇವೆ. ನಿಮ್ಮ ಅಡುಗೆಮನೆಯಲ್ಲಿ ಹಗಲಿರುಳೂ ತಣ್ಣಗಿರುವ ಒಂದು ಪೆಟ್ಟಿಗೆ ಇತ್ತಂತೆ. ಅದರಲ್ಲಿ ಅನ್ನ ಇಟ್ಟು, ಮರೆತು, ಹಳಸಿದ ಮೇಲೆ ಚೆಲ್ಲುತ್ತಿದ್ದಿರಂತೆ. ನಾವು ಅದನ್ನು ಮರೆವಿನಪೆಟ್ಟಿಗೆ ಎನ್ನುತ್ತೇವೆ. ನಮ್ಮ ಊಟಕ್ಕೆ ಉಪ್ಪಿನಕಾಯಿ ಇಲ್ಲದ ದಿನವೂ ನಿಮ್ಮನ್ನು ಬೈದರೆ ನಾಲ್ಕು ತುತ್ತು ಹೆಚ್ಚಿಗೆ ಇಳಿಯುತ್ತಿತ್ತು.

ನಮ್ಮ ಸಂಸಾರದ ರೀತಿ ಬೇರೆ. ಒಂದು ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿದರೆ ಅದೇ ನಮ್ಮ ತಂಪುಗೂಡು. ಹಾಲು, ಸೊಪ್ಪು, ತೋಯಿಸಿದ ಕಾಳು ಅದರಲ್ಲಿ. ಜೋಳದ ನಡುವೆ ಬೇವಿನ ಸೊಪ್ಪು, ತೊಗರಿಬೇಳೆಗೆ ಹರಳೆಣ್ಣೆಯ ಸವರು. ಹೀರೇಕಾಯಿ ಸಿಪ್ಪೆ ಚಟ್ನಿಗೆ, ಅಕ್ಕಿ ತೊಳೆದ ನೀರು ಸಾರಿಗೆ, ಸಾರು ಕುದಿಸಿದ ಗಡಿಗೆ ತೊಳೆದ ನೀರು ಕರಿಬೇವಿನ ಬುಡಕ್ಕೆ. ಹುಳಿ ಬಂದ ಮಜ್ಜಿಗೆಯಲ್ಲಿ ಮೆಣಸಿನಕಾಯಿ ನೆನೆಸಿ ಮಾಳಿಗೆಯ ಮೇಲೆ ಒಣಗಿಸುತ್ತೇವೆ. ನಿಂಬೆಹಣ್ಣು ಹಿಂಡಿದ ಮೇಲೂ ಅದರ ಸಿಪ್ಪೆಗೆ ನಮ್ಮಲ್ಲಿ ಬಿಡುಗಡೆ ಇಲ್ಲ. ಉಪ್ಪಿನೊಳಗೆ ಬಿದ್ದು ಇನ್ನೊಂದು ವರ್ಷ ದುಡಿಯಬೇಕು.

ಎಲ್ಲಕ್ಕಿಂತ ದೊಡ್ಡದು ರೊಟ್ಟಿಬುಟ್ಟಿ. ಓಣಿಗೆಲ್ಲ ಒಂದೇ ಒಲೆ. ಬೆಳಿಗ್ಗೆ ಸರದಿ ಬಂದಾಗ ಬೆಂಕಿ ದಂಡವಾಗದ ಹಾಗೆ ಹಿಟ್ಟಿದ್ದಷ್ಟೂ ಬಡಿದು ಬೇಯಿಸಬೇಕು. ಒಣಗಿಸಿದ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊಸವು ಆರಿ ಬುಟ್ಟಿಯ ತಳಕ್ಕೆ ಹೋಗುತ್ತವೆ, ಮೇಲಿನ ಹಳೆಯವು ತಾಟಿಗೆ ಬರುತ್ತವೆ. ಇದಕ್ಕೆ ಹಿರಿಯದುಮೊದಲು ಎಂದು ಹೆಸರು. ಬುಟ್ಟಿ ಬರಿದಾಗಬಾರದು. ಮನೆಯಲ್ಲಿ ಸಾವಾದಾಗ ಮಾತ್ರ ಅದನ್ನು ಬರಿದು ಮಾಡಿ ಓಣಿಗೆ ಹಂಚುತ್ತೇವೆ.

ಈ ಕ್ರಮವನ್ನು ನಮ್ಮ ಮನೆಯಲ್ಲಿ ಹಾಕಿಕೊಟ್ಟವರು ನನ್ನ ಅತ್ತೆ, ಕಾಶವ್ವ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹಂಚಿನ ಮೇಲಿನದೊಂದನ್ನು ಮುರಿದು ಬಾಯಿಗಿಡಲು ಹೋಗಿದ್ದೆ. ಅತ್ತೆ ಕೈ ಹಿಡಿದು ತಡೆದರು. ಆಮೇಲೆ ನಾನು ಅವರನ್ನೇ ಮೀರಿಸಿದೆ. ನಮ್ಮ ಬುಟ್ಟಿಯಷ್ಟು ತುಂಬಿದ ಬುಟ್ಟಿ ಓಣಿಯಲ್ಲಿ ಇಲ್ಲ ಎಂದು ನೆರೆಯವರು ಹೇಳಿದರೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಈಗ ಅತ್ತೆಗೆ ಹಲ್ಲಿಲ್ಲ. ಕಳೆದ ತಿಂಗಳು, ಸುಗ್ಗಿಯ ಹೊಸ ಜೋಳ ಬಂದಾಗ, ಒಲೆಯ ಹತ್ತಿರ ಬಂದು ಕೂತು, ಸಣ್ಣ ಮಕ್ಕಳ ಹಾಗೆ ಕೇಳಿದರು.

"ದಾಕ್ಷಾಣಿ, ನಂಗ ಒಂದು ಬಿಸಿ ರೊಟ್ಟಿ ಕೊಡವಾ. ಹಂಚಿನ ಮ್ಯಾಲಿಂದು, ಉಬ್ಬಿದ್ದು."

ನನಗೆ ನಗು ಬಂತು. ಹಳೆಯವು ಮೊದಲು ಮುಗಿಯಲಿ ಅತ್ತೆ, ನೀವೇ ಕಲಿಸಿದ್ದಲ್ಲವೇ ಎಂದೆ. ಹೌದೆನ್ನುವ ಹಾಗೆ ತಲೆಯಾಡಿಸಿ ಎದ್ದುಹೋದರು. ಹಿಟ್ಟು ಕಲಸುವುದನ್ನು ಕಲಿಸಿದ ಗುರುವಿಗೇ ಪಾಠ ಹೇಳಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಆ ಹೆಮ್ಮೆಗೆ ಬೆಂಕಿ ಬೀಳಲಿ.

ಮರುದಿನದಿಂದ ಬುಟ್ಟಿ ಬೇಗ ಬೇಗ ಇಳಿಯತೊಡಗಿತು. ಅತ್ತೆಗೆ ಹಸಿವು ಕೂಡಿದೆ, ಮೈ ತುಂಬಿಕೊಳ್ಳುತ್ತಿದ್ದಾರೆ ಎಂದುಕೊಂಡು ಖುಷಿಪಟ್ಟೆ. ಬುಟ್ಟಿ ಬರಿದಾಗಬಾರದಲ್ಲ, ಪಕ್ಕದ ಮನೆಯ ಒಲೆಸರದಿಯನ್ನೂ ಕೇಳಿ ಪಡೆದು ದಿನಕ್ಕೆ ಇನ್ನಷ್ಟು ಬಡಿದು ತಳಕ್ಕೆ ಸೇರಿಸಿದೆ. ಅವರು ಮೇಲಿನಿಂದ ತೆಗೆದಂತೆಲ್ಲ ನಾನು ಕೆಳಗಿನಿಂದ ತುಂಬಿದೆ. ಒಂದು ಮಧ್ಯಾಹ್ನ ಕಾಳು ಹಸನು ಮಾಡಿ ಒಳಗೆ ಬಂದರೆ, ಅತ್ತೆ ಬುಟ್ಟಿಯ ಪಕ್ಕದಲ್ಲಿ ಕೂತಿದ್ದರು. ಒಣರೊಟ್ಟಿಯನ್ನು ನೀರಿನಲ್ಲಿ ಅದ್ದಿ ವಸಡಿನಿಂದ ಜಗಿಯುತ್ತಿದ್ದರು. ತುಟಿಯ ಅಂಚಿನಲ್ಲಿ ರಕ್ತ. ಊಟ ಮಾಡಿ ಇನ್ನೂ ಹೊತ್ತಾಗಿರಲಿಲ್ಲ. ಇದೇನು ಅತ್ತೆ, ಇಷ್ಟು ಹಸಿವೇ ಎಂದು ಕೇಳಿದೆ.

"ಹಸಿವು ಎಲ್ಲೀದವಾ. ಇವು ಮುಗದ್ರ ಬಿಸೀವು ಬರ್ತಾವಲ್ಲ, ಅದಕ್ಕ."

ತಾಯೀ, ಅವರ ಮಗ್ಗುಲಲ್ಲೇ ಬುಟ್ಟಿ ಕಂಠಮಟ್ಟ ತುಂಬಿ ಕೂತಿತ್ತು. ಆಗಲೂ ನಾನು ಎದ್ದು ಒಲೆ ಹೊತ್ತಿಸಲಿಲ್ಲ. ಸರದಿ ಮುಗಿದಿದೆ, ನಾಳೆ ನೋಡೋಣ ಎಂದೆ. ಆ ಸಂಜೆಯೇ ಅವರಿಗೆ ಜ್ವರ ಬಂತು. ಹಾಸಿಗೆ ಹಿಡಿದವರು ಇನ್ನೂ ಎದ್ದಿಲ್ಲ. ಗಂಜಿ ಬಿಟ್ಟು ಬೇರೇನೂ ಗಂಟಲಿನಲ್ಲಿ ಇಳಿಯುವುದಿಲ್ಲ.

ಇವತ್ತು ಬೆಳಿಗ್ಗೆ ಬುಟ್ಟಿಯನ್ನು ಹೊತ್ತು ಹೊರಗೆ ಬಂದೆ. ಮನೆಮನೆಗೂ ಹಂಚಿ ಬರಿದು ಮಾಡಿದೆ. ಯಾರೂ ಕಾರಣ ಕೇಳಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅಂಗಳಕ್ಕೆ ಬಂದು ಸಾಲಾಗಿ ಕೂತರು. ಅತ್ತೆ ಇನ್ನೂ ಇದ್ದಾರೆ ಎಂದು ನಾನು ಒದರಬೇಕಾಯಿತು. ಇರುವಾಗಲೇ ಬುಟ್ಟಿ ಬರಿದು ಮಾಡಿದಳಲ್ಲ, ಎಂಥ ಸೊಸೆ ಎಂದು ಒಬ್ಬಳು ಗೊಣಗಿದಳು. ಅವಳು ಅಂದದ್ದರಲ್ಲಿ ತಪ್ಪಿಲ್ಲ, ಎಂಥ ಸೊಸೆ ಎಂದು ನಾನೇ ನನ್ನನ್ನು ಕೇಳುತ್ತಿದ್ದೆ. ಒಳಗಿದ್ದ ಅತ್ತೆಗೆ ಇದೆಲ್ಲ ಕೇಳಿಸಿರಬೇಕು, ನಾನು ಒಳಗೆ ಹೋದಾಗ ಅವರ ಕಣ್ಣಲ್ಲಿ ನಗು ಇತ್ತು.

ಒಂದೇ ಒಂದು ರೊಟ್ಟಿ ಬಡಿದೆ. ಅಷ್ಟಕ್ಕಾಗಿ ಒಂದು ಹೊತ್ತಿನ ಬೆಂಕಿ ಸುಟ್ಟದ್ದಕ್ಕೆ ಓಣಿಯವರು ಇನ್ನು ವರ್ಷಗಟ್ಟಲೆ ಆಡಿಕೊಳ್ಳಲಿ. ಉಬ್ಬಿದ್ದನ್ನು ಬರಿಗೈಯಲ್ಲೇ ಎತ್ತಿಕೊಂಡು ಓಡಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಕೆನ್ನೆಗೆ ಒತ್ತಿ ಹಿಡಿದರು. ಉಗುರಿನಷ್ಟು ಮುರಿದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ನುಂಗಲಾಗಲಿಲ್ಲ. ಆಮೇಲೆ ಮಿಕ್ಕದ್ದನ್ನು ನನ್ನತ್ತ ಚಾಚಿದರು.

"ಬಿಸಿ ಅದವಾ. ಉಳದದ್ದು ಬುಟ್ಟಿಗಿ ಹಾಕು."

ನಾನು ಹಾಕಲಿಲ್ಲ. ಜೀವನದಲ್ಲಿ ಮೊದಲ ಸಲ ಅವರ ಮಾತು ಮೀರಿ, ಅವರೆದುರಿಗೇ ಕೂತು ತಿಂದೆ. ಇಷ್ಟು ವರ್ಷ ದಿನವೂ ಬೇಯಿಸಿದ ಕೈಗೆ ಅದರ ರುಚಿಯೇ ಗೊತ್ತಿರಲಿಲ್ಲ. ಇಷ್ಟು ಮೆತ್ತಗಿರುತ್ತದೆ ಎಂದು ಗೊತ್ತಿದ್ದರೆ, ಅವರು ಕೇಳಿದ ದಿನವೇ ಕೊಡುತ್ತಿದ್ದೆನೋ ಏನೋ. ಹಾಗೆ ಹೇಳಿಕೊಂಡು ಸಮಾಧಾನಪಡುವ ಯೋಗ್ಯತೆಯೂ ನನಗಿಲ್ಲ.

ನೀವು ಚೆಲ್ಲಿದ ಅನ್ನಕ್ಕೆ ನನ್ನಲ್ಲಿ ಕ್ಷಮೆ ಇಲ್ಲ, ಅದನ್ನು ಕೇಳಲೂಬೇಡಿ. ಉಳಿಸಿ, ಒಣಗಿಸಿ, ಉಪ್ಪು ಹಾಕಿಡಿ. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಬಿಸಿಯದನ್ನು ಕೇಳಿದರೆ, ಪೆಟ್ಟಿಗೆಯಲ್ಲಿ ನಿನ್ನೆಯದು ಏನಿದೆ ಎಂದು ನೋಡುವ ಮೊದಲು ಅವರ ಕೈಗೆ ಕೊಟ್ಟುಬಿಡಿ. ಇಷ್ಟನ್ನು ಕೇಳಲೆಂದೇ ಬರೆದೆ.

ಅತ್ತೆ ಮಲಗಿದ್ದಾರೆ, ಉಸಿರು ಸಣ್ಣಗೆ ಆಡುತ್ತಿದೆ. ಬುಟ್ಟಿ ಬರಿದಾಗಿಯೇ ಇದೆ. ನಾಳೆ ಬೆಳಿಗ್ಗೆ ಒಲೆ ಮತ್ತೆ ನಮ್ಮ ಸರದಿಗೆ ಬರುತ್ತದೆ. ಅವರು ಇದ್ದರೆ, ಹಾಲಿನಲ್ಲಿ ಕಿವುಚಿಯಾದರೂ ಸರಿ, ಮೊದಲನೆಯದು ಅವರಿಗೆ.

ಇಂತಿ,
ಕಾಶವ್ವನ ಸೊಸೆ