ಹಿಕ್ಕರಿ ಕಡ್ಡಿಯ ದನಿ

ಕಾರ್ಲೀನ್,

ಆ ಮನೆಗೆ ಸೊಸೆಯಾಗಿ ಹೋಗಬೇಡವೆಂದು ನನ್ನೊಡನೆ ಜಗಳವಾಡಿ ನನ್ನ ಮದುವೆಗೂ ಬಾರದವಳು ನೀನು, ಈ ಪತ್ರ ನಿನಗೆ ಕಳಿಸುವುದಿಲ್ಲ. ಆದರೆ ಇವತ್ತಿನದನ್ನು ಹೇಳದಿದ್ದರೆ ಸಂತೋಷದಿಂದ ಸಿಡಿದೇ ಹೋಗುತ್ತೇನೆ!

ನಾಳೆ ಟರ್ಕಿ ಕೋಳಿಯ ಬೇಟೆ ಶುರು. ನನ್ನ ಗಂಡ ವೆಲ್ಡನ್ ಕೋಳಿ ಕರೆಯುವ ಹೊಸ ಬಟ್ಟಲು ಕೊಂಡಿದ್ದಾನೆ, ಸ್ಲೇಟು ಕೂರಿಸಿದ್ದು. ಅದರ ಮೇಲೆ ಎಳೆದು ಹೇಂಟೆಯ ದನಿ ಹೊರಡಿಸಲು ಯಾವ ಕಡ್ಡಿ ಸರಿಯೆಂದು ನೋಡಲು ಮಾವ ಮೇಜಿನ ಮೇಲೆ ಒಂದು ರಾಶಿಯನ್ನೇ ಸುರಿದರು. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಎಳೆದು ನೋಡಿದೆ. ನೇರಳೆ ಬಣ್ಣದ ಮರದ್ದು ಕೀಚಲು. ಹಿಕ್ಕರಿ ಮರದ್ದು ತುಸು ಒರಟು. ಚಿಕ್ಕವರಿದ್ದಾಗ ನೀನೂ ನಾನೂ ಬೇಟೆಗೆ ಹೋಗಿ ಓಕ್ ಮರಕ್ಕೆ ಒರಗಿ ಕೂತು ಕರೆಯುತ್ತಿದ್ದ ದನಿಯೇ ಅದು!

“ಇದೇ!” ಎಂದೆ.

“ಇದು ಜಗಳಗಂಟಿ ಹೇಂಟೆ ಕಣೇ. ಗಂಡು ಓಡಿಹೋಗುತ್ತೆ,” ಎಂದು ವೆಲ್ಡನ್ ನಕ್ಕ.

“ನೀನು ಓಡಿಹೋದ್ಯೇನೋ?” ಎಂದರು ಮಾವ. “ನಿನ್ನ ಹೆಂಡ್ತಿ ಕಿವಿ ನನ್ನ ಬೇಟೆನಾಯಿಗಿಂತ ಚುರುಕು. ಅದನ್ನೇ ತಗೋ.”

ಎಷ್ಟು ಹೆಮ್ಮೆಯಾಯಿತು ಗೊತ್ತಾ! “ಬೆಳಿಗ್ಗೆ ಎಷ್ಟೊತ್ತಿಗೆ ಹೊರಡೋಣ?” ಎಂದು ಕೇಳಿಯೇಬಿಟ್ಟೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.

“ನಮ್ಮನೇಲಿ ಹೆಂಗಸ್ರು ಬೇಟೆಗೆ ಬರಲ್ಲ ಕಣಮ್ಮಾ,” ಎಂದು ಮಾವ ಪ್ರೀತಿಯಿಂದಲೇ ಹೇಳಿದರು. “ನಾವು ಬರೋಷ್ಟೊತ್ತಿಗೆ ನಿಮ್ಮತ್ತೆ ಜೊತೆ ಹಿಟ್ಟು ನಾದಿ ಬಿಸಿಬಿಸಿ ಬಿಸ್ಕಿಟ್ಟು, ಗ್ರೇವಿ ಮಾಡಿಟ್ಟಿರು.”

ನಾನೂ ನಕ್ಕೆ. ಎಲ್ಲರೂ ಎಷ್ಟು ಒಳ್ಳೆಯವರು, ಕಾರ್ಲೀನ್! ಕಡ್ಡಿಯ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ನಾನೇ ಅವನ ಕೋಟಿನ ಜೇಬಿಗಿಟ್ಟೆ. ನಾಳೆ ಬೆಳಕು ಹರಿಯುವಾಗ ನನ್ನ ದನಿ ಗುಡ್ಡದ ಮೇಲಿಂದ ಕರೆಯುತ್ತದೆ. ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ಅದನ್ನು ಕೇಳಿಸಿಕೊಳ್ಳುತ್ತೇನೆ.