ಸಕ್ಕರೆ ಇಳಿದ ಮೇಲೆ

ಸೋಮವಾರ, ಮಧ್ಯಾಹ್ನ

ನನಗುಳಿದಿರುವ ಒಬ್ಬಳೇ ಮಗಳಿಗೆ, ಅಪ್ಪನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ವರ್ಷಗಟ್ಟಲೆ ಏರಿಯೇ ಇದ್ದ ಸಕ್ಕರೆಯನ್ನು ಎರಡೇ ತಿಂಗಳಲ್ಲಿ ಇಳಿಸಿಬಿಟ್ಟೆನೆಂದು ಬೀಗಿದ್ದೀಯೆ. ‘ಇನ್ನು ಕಣ್ಣಾಸ್ಪತ್ರೆ ಮಾತು ಎತ್ತಬೇಡಿ ಅಪ್ಪ, ಕಾಯಿಲೆನೇ ಹಿಡಿತಕ್ಕೆ ಬಂದಮೇಲೆ ಕಣ್ಣಿಗೇನು ಧಾಡಿ’ ಎಂದು ಕೇಳಿದ್ದೀಯೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ವಾದದಲ್ಲಿ ಸತ್ಯವಿದ್ದಷ್ಟನ್ನು ನಾನು ಮೊದಲೇ ಒಪ್ಪಿಕೊಳ್ಳುತ್ತಿದ್ದೆ. ಇಲ್ಲಿಯೂ ಒಪ್ಪುತ್ತೇನೆ. ಸಕ್ಕರೆ ಹಿಡಿತದಲ್ಲಿರಲೇಬೇಕು. ಔಷಧಿಯನ್ನು ನೀನು ಒಂದು ಹೊತ್ತೂ ತಪ್ಪಿಸಕೂಡದು.

ಆದರೆ ಅದರಿಂದ ನೀನು ಮಾಡಿದ ತೀರ್ಮಾನ ತಪ್ಪು. ನಿನ್ನ ಅಕ್ಕನನ್ನು ನೋಡುತ್ತಿದ್ದ ಕಣ್ಣಿನ ವೈದ್ಯೆಯ ಬಳಿ ನಿನ್ನ ಕಾಗದ ಹಿಡಿದುಕೊಂಡೇ ಹೋಗಿದ್ದೆ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಇಳಿಸಿದ್ದಕ್ಕೆ ಬೈಬೇಡಿ ಸರ್. ಇಳಿಸೋ ಮುಂಚೆ ಒಂದ್ಸಲ ಕಣ್ಣು ತೋರಿಸಬೇಕಿತ್ತು. ಅಷ್ಟು ವರ್ಷ ಹೆಚ್ಚು ಸಕ್ಕರೆಯಲ್ಲೇ ಇದ್ದ ಕಣ್ಣೊಳಗಿನ ಪರದೆ, ಅಂದ್ರೆ ರೆಟಿನಾ, ದಿಢೀರಂತ ಇಳಿಸಿದಾಗ ಕೆಲವರಲ್ಲಿ ಮೊದಮೊದಲು ಇನ್ನೂ ಕೆಡುತ್ತೆ. ನೋವು ಮಾತ್ರ ಇರಲ್ಲ. ಬೇಗ ಬಂದ್ರೆ ಲೇಸರ್ ಹಾಕಿ ಉಳಿಸಬಹುದು’ ಎಂದರು. ಬೇಗ ಎಂದರೆ ಎಷ್ಟು ಬೇಗ ಎಂದು ಕೇಳಿದೆ. ‘ಅವರು ಏನು ಕೆಲಸ ಮಾಡ್ತಾರೆ?’ ಎಂದು ನನ್ನನ್ನೇ ಕೇಳಿದರು.

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವವಳು ಎಂದೆ. ನೀನು ತಮಾಷೆಯಾಗಿ ಬರೆದಿದ್ದನ್ನೂ ಹೇಳಿದೆ: ನೀನು ಒಪ್ಪಿಗೆ ಕೊಟ್ಟ ನೀಲಿ ನೂಲು ಹಸಿರಿಗೆ ತಿರುಗಿದೆಯೆಂದು ಎರಡು ಸಲ ವಾಪಸು ಬಂತು, ಮೇಸ್ತ್ರಿ ‘ಏನಮ್ಮಾ, ಆಕಾಶಕ್ಕೆ ಪಾಚಿ ಹಿಡಿಸಿದ್ರಾ?’ ಎಂದು ಅಣಕಿಸಿದ, ನೀನು ಟ್ಯೂಬ್‌ಲೈಟನ್ನು ಬೈದೆ. ವೈದ್ಯೆ ನಗಲಿಲ್ಲ. ಪರದೆ ಸೋಲತೊಡಗಿದಾಗ ಇಂಥ ಬಣ್ಣಗಳ ಭೇದ ಮೊದಲೇ ಮಸುಕಾಗಬಹುದಂತೆ. ಗೋಡೆಗೆ ಹಾಕಿದ ಅಕ್ಷರಗಳನ್ನು ಕಡೆಯ ಸಾಲಿನವರೆಗೆ ಓದಬಲ್ಲವರಲ್ಲಿಯೂ.

ನಿನ್ನ ಅಕ್ಕ ಕಾಲು ಜಾರಿ ಬಿದ್ದು ತೀರಿಕೊಂಡಳೆಂದು ಎಲ್ಲರೂ ಹೇಳುತ್ತಾರೆ. ನಾನು ಯಾರನ್ನೂ ತಿದ್ದಲು ಹೋಗಿಲ್ಲ. ನಿನಗೊಬ್ಬಳಿಗೆ ಹೇಳುತ್ತೇನೆ: ಆ ಮೆಟ್ಟಿಲಲ್ಲಿ ಒಂದು ಹನಿ ನೀರಿರಲಿಲ್ಲ. ಅವಳಿಗೆ ಮೆಟ್ಟಿಲೇ ಕಾಣಲಿಲ್ಲ.

ಗುರುವಾರಕ್ಕೆ ಸಮಯ ಗೊತ್ತುಮಾಡಿದ್ದೇನೆ. ಅಳಿಯಂದಿರ ಜೊತೆಯಲ್ಲಿ ಬಾ. ಮಾವನ ಕಾಗದವೆಂದರೆ ಕೋರ್ಟಿನ ಸಮನ್ಸು ಎಂದು ಅವರು ನಗುತ್ತಾರಂತೆ. ಈ ಸಲ ಹಾಗೆಂದೇ ತಿಳಿಯಲಿ. ಈ ಒಂದು ವಿಷಯದಲ್ಲಿ ನನ್ನೊಡನೆ ವಾದಕ್ಕೆ ನಿಲ್ಲಬೇಡ.

ಇಂತಿ,
ನಿನ್ನ ಅಪ್ಪ

ಸೇರಿಸಿದ್ದು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಳಿಯಂದಿರ ಫೋನ್ ಬಂತು. ‘ಮಾವ, ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ. ಬೆಳಿಗ್ಗೆಯಿಂದ ಪೊರಕೆ ಹಿಡ್ಕೊಂಡು ಜೇಡರಬಲೆ ಹೊಡೀತಾನೇ ಇದ್ದಾಳೆ. ನನಗಂತೂ ಒಂದೂ ಕಾಣಿಸ್ತಿಲ್ಲ’ ಎಂದು ನಗುತ್ತಿದ್ದರು. ಮಗಳೇ, ಆ ಬಲೆ ಗೋಡೆಯಲ್ಲಿಲ್ಲ. ಕಣ್ಣೊಳಗೆ ಒಸರುತ್ತಿರುವ ರಕ್ತವಿರಬಹುದು. ಗುರುವಾರದವರೆಗೆ ಕಾಯಬೇಡಿ, ಈ ಕ್ಷಣವೇ ಹೊರಡಿ ಎಂದು ಅವರಿಗೆ ಹೇಳಿದ್ದೇನೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತೇನೆ. ನಿನಗೆ ಓದಲಾಗದಿದ್ದರೆ ನಾನೇ ಓದಿ ಹೇಳುತ್ತೇನೆ.