ಹಬ್ಬ ಕಳೆಯುವವರೆಗೆ ಕೋವಿ ಕೊಡಬೇಡಿ

ಬಿಳಿಗೆರೆ
೧೧-೧೦-೧೯೯೯

ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ಗುರುಮಲ್ಲಪ್ಪನವರ ಹೆಂಡತಿ ಪುಟ್ಟಮ್ಮಣ್ಣಿಯ ನಮಸ್ಕಾರಗಳು.

ಎಲೆಕ್ಷನ್ನಿಗೆಂದು ಠಾಣೆಯಲ್ಲಿ ಇರಿಸಿಕೊಂಡ ನಮ್ಮ ಕೋವಿಯನ್ನು ಬಿಡಿಸಿಕೊಳ್ಳಲು ನಾಳೆ ಯಜಮಾನರು ಬರುತ್ತಾರೆ. ದಯವಿಟ್ಟು ಏನಾದರೂ ನೆಪ ಹೇಳಿ, ಕೊಡಬೇಡಿ.

ಪ್ರತಿ ವರ್ಷ ಆಯುಧಪೂಜೆಯಲ್ಲಿ ಎಲ್ಲಕ್ಕೂ ವಿಭೂತಿ, ಕುಂಕುಮ ಇಟ್ಟವಳು ನಾನೇ. ಕುಡುಗೋಲು ಅಂದರೆ ಭತ್ತ, ಮಚ್ಚು ಅಂದರೆ ಎಳನೀರು, ಕೊಡಲಿ ಅಂದರೆ ಸೌದೆ, ಕೋವಿ ಅಂದರೆ ಕಬ್ಬಿಗೆ ನುಗ್ಗುವ ಹಂದಿ. ನನಗೆ ಗೊತ್ತಿದ್ದ ಅರ್ಥ ಇಷ್ಟೇ.

ಮಗಳು ಶಶಿಕಲ ಕವಲಂದೆಯ ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಅವತ್ತಿನಿಂದ, ಮರದಲ್ಲಿ ಎಳನೀರೇ ಇಲ್ಲದಿದ್ದರೂ ಇವರು ದಿನಾ ಮಚ್ಚು ಮಸೆಯುತ್ತಾರೆ.

ಅವಳೀಗ ಬಸುರಿ. ಗಂಡನ ಜೊತೆ ಹಬ್ಬಕ್ಕೆ ಬರುತ್ತೇನೆಂದು ಹೇಳಿ ಕಳಿಸಿದ್ದಾಳೆ. ಊಟಕ್ಕೆ ಕೂತಿದ್ದ ಇವರು "ಬರ್ಲಿ ಬುಡು" ಅಂದರು. ನನಗೆ ಸಂತೋಷವಾಯಿತು. ಕೈ ತೊಳೆದುಕೊಂಡು ಬಂದವರು, "ಪೂಜೆಗೆ ಕೋವಿ ಇಲ್ದೆ ಆದದಾ ಅಮ್ಮಿ? ನಾಳೀಕೆ ಓಗಿ ತತ್ತೀನಿ" ಅಂದರು.

ಬರಬೇಡ ಎಂದು ಮಗಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಈ ಕಾಗದ ಓದಿ ಹರಿದುಹಾಕಿ.

ಮಚ್ಚು, ಕುಡುಗೋಲು, ಕೊಡಲಿಗಳನ್ನು ನಾನು ತಿಪ್ಪೆಯಲ್ಲಿ ಹೂತಿದ್ದೇನೆ. ಕೋವಿಯೊಂದು ನಿಮ್ಮ ಕೈಲಿದೆ.

ನಿಮ್ಮ ಅಕ್ಕನೆಂದುಕೊಳ್ಳಿ,
ಪುಟ್ಟಮ್ಮಣ್ಣಿ